ಏರಿನಲ್ಲಿ ಉಸಿರು ಕಟ್ಟುವ ಗಾಡಿ

ಪೆಟ್ರೋಲಿನಲ್ಲಿ ನೀರು ಸೇರಿಕೊಳ್ಳಬಹುದಿತ್ತು. ಆಯಿಲ್ ಹೆಚ್ಚಾಗಿ ಪ್ಲಗ್ಗು ಕಪ್ಪುಗಟ್ಟಬಹುದಿತ್ತು, ಕಡಿಮೆಯಾಗಿ ಪಿಸ್ಟನ್ನು ಹಿಡಿದುಕೊಳ್ಳಬಹುದಿತ್ತು. ಕ್ಲಚ್ಚಿನ ತಂತಿ ಹರಿಯಬಹುದಿತ್ತು. ಮುಂದಿನ ಒಂಟಿ ಗಾಲಿ ಎರೆಮಣ್ಣಿನಲ್ಲಿ ಹೂತು ಹಿಂದಿನ ಎರಡು ಗಾಲಿಗಳು ಗಾಳಿಯಲ್ಲಿ ತಿರುಗಬಹುದಿತ್ತು. ಹಿಂದಿನ ದಿನ ಎಲ್ಲೋ ಮೇಲುಗಡೆ ಮಳೆಯಾಗಿ ಹಳ್ಳಕ್ಕೆ ನೀರು ಬರಬಹುದಿತ್ತು. ನೀರು ಬರದಿದ್ದರೂ ಬಸು ಹಳ್ಳದ ನಟ್ಟನಡುವೆ ಗೇರು ಬದಲಿಸಲು ಹೋಗಿ ಗಾಡಿಯನ್ನು ಬಂದ್ ಬೀಳಿಸಬಹುದಿತ್ತು. ಏರು ಹತ್ತುವಾಗ ಬ್ರೇಕು ಹಿಡಿಯದೆ ಗಾಡಿ ಹಿಂದಕ್ಕೆ ಜಾರಬಹುದಿತ್ತು. ಸಾರಿನ ಕೊಡ ಉರುಳಿ ಅತ್ತೆಯ ಮಡಿಲಿಗೆ ಬೀಳಬಹುದಿತ್ತು. ಇದು ಯಾವುದೂ ಆಗದೆ ಎಲ್ಲ ಸುಸೂತ್ರವಾಗಿ ನಡೆದು, ನಾನು ಇಷ್ಟೆಲ್ಲ ಚಿಂತೆ ಮಾಡಿದ್ದು ವ್ಯರ್ಥವಾಗಿಬಿಡಬಹುದಿತ್ತು. ಕೊನೆಯದು ಉಳಿದವಕ್ಕಿಂತ ಕಡಿಮೆ ಭಯದ್ದೇನೂ ಅಲ್ಲ.

ಚಿಂತೆ ನನಗೆ ಚಟವೂ ಹೌದು, ಉದ್ಯೋಗವೂ ಹೌದು. ಹುಬ್ಬಳ್ಳಿಯ ಒಂದು ವಿಮಾ ಕಚೇರಿಯಲ್ಲಿ ಇಡೀ ದಿನ ಕುಳಿತು, ಇನ್ನೂ ಸುಡದ ಅಂಗಡಿ ಸುಟ್ಟರೆ ಏನು, ಇನ್ನೂ ಮುಳುಗದ ಗೋದಾಮು ಮುಳುಗಿದರೆ ಏನು ಎಂದು ಯೋಚಿಸುವುದಕ್ಕೆ ನನಗೆ ಸಂಬಳ ಬರುತ್ತದೆ. ಸಂಜೆ ನವನಗರದ ಮನೆಗೆ ಬಂದ ಮೇಲೆ ಅದೇ ಕೆಲಸವನ್ನು ಪುಕ್ಕಟೆ ಮಾಡುತ್ತೇನೆ. ಗ್ಯಾಸ್ ಬಂದ್ ಮಾಡಿದ್ದೇನೆಯೇ ಎಂದು ನೋಡಲು ಬಸ್ ಸ್ಟಾಪಿನಿಂದ ಹಿಂದಿರುಗಿದವನು ನಾನು. ಬಂದ್ ಆಗಿದೆ ಎಂದು ಖಾತ್ರಿಯಾದ ಮೇಲೆ, ನೋಡುವ ಭರದಲ್ಲಿ ನಾನೇ ತಿರುವಿ ಚಾಲೂ ಮಾಡಿದೆನೇನೋ ಎಂದು ಎರಡನೆಯ ಸಲ ಹಿಂದಿರುಗಿದವನೂ ನಾನೇ.

ಇಂಥವನ ಕಣ್ಣಿಗೆ ಬಿದ್ದದ್ದು ನನ್ನ ಹೆಂಡತಿ ಶಾಂತಾಳ ತಮ್ಮ ಬಸವರಾಜನ, ಅಂದರೆ ಬಸುವಿನ, ಮೂರು ಗಾಲಿಯ ಗಾಡಿ. ಇದು ತೊಂಬತ್ತರ ದಶಕದ ಕೊನೆಯ ಮಾತು. ಆಗ ನಮ್ಮ ಅವಳಿ ಊರುಗಳ ನಡುವಿನ ರಸ್ತೆಯ ತುಂಬ ಟೂ-ಸ್ಟ್ರೋಕ್ ಎಂಜಿನ್ನುಗಳದೇ ರಾಜ್ಯ. ಬೆಳಗಾದರೆ ರಾಯಾಪುರದ ಕಡೆಯಿಂದ ನೀಲಿ ಹೊಗೆಯೊಂದು ಎದ್ದು, ಇಬ್ಬನಿಯೋ ಆಯಿಲ್ಲೋ ತಿಳಿಯದಂತೆ ಮಬ್ಬಾಗಿ ನಿಲ್ಲುತ್ತಿತ್ತು. ಬಸುವಿನ ಗಾಡಿಯೂ ಅದೇ ಕುಲದ್ದು, ಸಾಮಾನು ಸಾಗಿಸುವ ಆಟೊ. ಆದರೆ ಅವನು ಧಾರವಾಡದ ಹತ್ತಿರದ ಗರಗದವನು. ಅವನ ಗಿರಾಕಿಗಳಿದ್ದದ್ದು ಡಾಂಬರಿನ ಮೇಲಲ್ಲ, ಹೊಲಗಳಲ್ಲಿ. ಆದ್ದರಿಂದ ಹಿಂದಿನ ಗಾಲಿಗಳಿಗೆ ದಪ್ಪ ಹಲ್ಲಿನ ಟಾಯರು ಹಾಕಿಸಿದ್ದ. ಸ್ಪ್ರಿಂಗುಗಳನ್ನು ಎತ್ತರಿಸಿದ್ದ. ಎಲ್ಲಕ್ಕಿಂತ ಮುಖ್ಯವಾಗಿ, ಹಳ್ಳ ದಾಟುವಾಗ ಎಂಜಿನ್ನು ಗಾಳಿಯ ಜೊತೆ ನೀರನ್ನೂ ಎಳೆದುಕೊಂಡುಬಿಡಬಾರದೆಂದು, ಗಾಳಿ ಸೇದುವ ಬಾಯಿಗೆ ಒಂದು ಉದ್ದನೆಯ ರಬ್ಬರಿನ ಕೊಳವೆ ಜೋಡಿಸಿ, ಅದನ್ನು ಡ್ರೈವರನ ಬೆನ್ನ ಹಿಂದಿನಿಂದ ತಲೆಯ ಮಟ್ಟಕ್ಕೆ ಎತ್ತಿ, ತುದಿಯನ್ನು ಮುಂದಕ್ಕೆ ಬಾಗಿಸಿ ಕಟ್ಟಿಸಿದ್ದ. ಎಲ್ಲರೂ ಅದನ್ನು ಸೊಂಡಿಲು ಎನ್ನುತ್ತಿದ್ದರು. ನಮ್ಮ ಅತ್ತೆ ಗಂಗವ್ವನಂತೂ ಗಾಡಿ ಹತ್ತುವ ಮುಂಚೆ ಗಣಪ್ಪನೇ ಇದ್ದಾನೇನೋ ಎಂಬಂತೆ ಅದನ್ನು ಮುಟ್ಟಿ ಹಣೆಗೆ ಕೈ ಒತ್ತಿಕೊಳ್ಳುತ್ತಿದ್ದರು.

ಅತ್ತೆಯೇ ಈ ಕಥೆಯ ಪ್ರಯಾಣಿಕರು. ದಸರೆಯ ಬೆನ್ನಿಗೇ ಬರುವ ಶೀಗಿ ಹುಣ್ಣಿಮೆಗೆ ಹೊಲಕ್ಕೆ ಹೋಗಿ ಚರಗ ಚೆಲ್ಲುವುದು ನಮ್ಮ ಕಡೆಯ ರೂಢಿ. ಆ ಹೊತ್ತಿಗೆ ಪೈರು ತುಂಬಿ ನಿಂತಿರುತ್ತದೆ, ಭೂಮಿ ಬಸಿರಿ. ಬಸಿರಿಯ ಬಯಕೆ ತೀರಿಸಬೇಕಲ್ಲ, ಹೋಳಿಗೆ, ಕಡಬು, ಸಜ್ಜೆ ರೊಟ್ಟಿ, ಪುಂಡಿಪಲ್ಯ ಎಲ್ಲವನ್ನೂ ಬುಟ್ಟಿಯಲ್ಲಿ ಒಯ್ದು ಹೊಲಕ್ಕೆ ಉಣಿಸಿ, ಆಮೇಲೆ ತಾವು ಉಣ್ಣುವುದು. ಅತ್ತೆ ಆ ಮನೆಗೆ ಸೊಸೆಯಾಗಿ ಬಂದ ವರ್ಷದಿಂದ ಒಂದು ಸಲವೂ ತಪ್ಪಿಸಿರಲಿಲ್ಲ. ಆಮೇಲೆ ಮೊಣಕಾಲು ಹಿಡಿಯಿತು. ಎತ್ತಿನ ಗಾಡಿಯ ಕುಲುಕಾಟ ತಡೆಯದಾಯಿತು. ಕೆಲವು ವರ್ಷ ಅಡುಗೆ ಮಾಡಿ, ಬುಟ್ಟಿ ಕಟ್ಟಿ, ಹೊರಟವರನ್ನು ಹೊಸ್ತಿಲಲ್ಲಿ ನಿಂತು ಕಳಿಸಿಕೊಟ್ಟರು. ಮಧ್ಯಾಹ್ನ ಹಿಂದಿರುಗಿದವರನ್ನು, ಜೋಳ ಎಷ್ಟು ಎತ್ತರ ಆಗಿದೆ, ಬದುವಿನ ಬೇವು ಚಿಗುರಿದೆಯೇ ಎಂದು ಒಬ್ಬೊಬ್ಬರಾಗಿ ಕೇಳಿ, ಎಲ್ಲರ ಉತ್ತರವನ್ನೂ ಜೋಡಿಸಿ ತಮ್ಮ ಹೊಲವನ್ನು ಕೂಡಿಸಿಕೊಳ್ಳುತ್ತಿದ್ದರು. ನಮ್ಮ ಉತ್ತರಗಳು ಒಂದಕ್ಕೊಂದು ತಾಳೆಯಾಗುತ್ತಿರಲಿಲ್ಲ ಎಂಬುದು ಬೇರೆ ಮಾತು.

ಆ ವರ್ಷ ಬಸು ಮಾತು ಕೊಟ್ಟ. "ಯವ್ವಾ, ಹಿಂದ ಗಾದಿ ಹಾಸಿ ರಾಣಿ ಕೂತಂಗ ಕುಂದರಿಸಿ ಒಯ್ತೇನಿ. ನೀ ಬರೇ ಕುಂದ್ರು."

"ಈ ವರ್ಷ ಹೊಲಾ ನೋಡೇ ನೋಡ್ತೇನಿ," ಎಂದರು ಅತ್ತೆ. ಹೆಚ್ಚು ಮಾತಾಡುವವರಲ್ಲ. ಆದರೆ ಆ ಮಾತು ಹೇಳಿದ ಮೇಲೆ ಮೊಣಕಾಲಿಗೆ ಎಣ್ಣೆ ಹಚ್ಚುವುದನ್ನು ದಿನಕ್ಕೆ ಎರಡು ಹೊತ್ತು ಮಾಡಿದರು ಎಂದು ಶಾಂತಾ ಹೇಳಿದಳು. ಅಲ್ಲಿಂದ ನನ್ನ ಚಿಂತೆ ಶುರು. ಹಳ್ಳದ ಆಚೆ ಗಾಡಿ ಕೆಟ್ಟು ನಿಂತರೆ ನಾವೆಲ್ಲ ನಡೆದು ಹೋಗಬಹುದು. ಅವರು ಮುಂದೆಯೂ ಹೋಗಲಾರರು, ಹಿಂದೆಯೂ ಬರಲಾರರು. ಒಮ್ಮೆ ಹಾಗಾದರೆ ಮತ್ತೆ ಎಂದೂ ಹೊರಡುವ ಮಾತೆತ್ತುವುದಿಲ್ಲ.

ದಸರೆಗೆ ನಾವು ಗರಗಕ್ಕೆ ಹೋದೆವು. ಖಂಡೇ ಪೂಜೆಗೆ, ಅಂದರೆ ಆಯುಧ ಪೂಜೆಗೆ, ಬಸು ಗಾಡಿಯನ್ನು ತಿಕ್ಕಿ ತೊಳೆದಿದ್ದ. ಏರ್ ಫಿಲ್ಟರನ್ನು ಬಿಚ್ಚಿ ಪೆಟ್ರೋಲಿನಲ್ಲಿ ಅದ್ದಿ, ಬಿಸಿಲಿಗಿಟ್ಟು ಒಣಗಿಸಿದ್ದ. ನಾನು ಪಕ್ಕದಲ್ಲೇ ನಿಂತು, ಅವನು ಮಾಡುತ್ತಿದ್ದುದನ್ನೇ ಮಾಡಲು ಹೇಳುತ್ತಿದ್ದೆ. ಮರುದಿನ ಸಂಜೆ ಬನ್ನಿ ಮುಡಿಯುವ ಹೊತ್ತು. ಬನ್ನಿಯ ಎಲೆಗೆ ಆ ದಿನ ನಮ್ಮಲ್ಲಿ ಬಂಗಾರವೆಂದೇ ಹೆಸರು. ಒಬ್ಬರಿಗೊಬ್ಬರು ಕೊಟ್ಟು, ಬಂಗಾರದ ಹಾಗೆ ಇರೋಣ ಎಂದು ಹೇಳಿಕೊಂಡು, ಕಿರಿಯರು ಹಿರಿಯರ ಕಾಲು ಮುಟ್ಟಿದರೆ ವರ್ಷದ ಜಗಳಗಳೆಲ್ಲ ಲೆಕ್ಕ ಚುಕ್ತಾ. ದಸರೆಯಂದು ಸಿಗದವರಿಗೆ ಹುಣ್ಣಿಮೆಯವರೆಗೂ ವಾಯಿದೆ ಇರುತ್ತದೆ. ಊರೆಲ್ಲ ಹೊಸ ಬಟ್ಟೆಯುಟ್ಟು ಬಂಗಾರ ಹಂಚುತ್ತ ತಿರುಗುತ್ತಿದ್ದಾಗ ನಾನು ಗಾಡಿಯ ಅಡಿಯಲ್ಲಿ ಅಂಗಾತ ಮಲಗಿದ್ದೆ. ಎಲ್ಲೋ ಒಂದು ಕಡೆ ಲಟಲಟ ಸಪ್ಪಳ ಕೇಳಿಸಿದ ಹಾಗಾಗಿತ್ತು. ಬಂದು ಹೋದವರಿಗೆ ಈ ಮನೆಯ ಅಳಿಯನೆಂದು ಕಂಡದ್ದು ಎರಡು ಕಾಲುಗಳು ಮಾತ್ರ.

ಮರುದಿನವೇ ಗಾಡಿಗೆ ಉಬ್ಬಸ ಬಂತು.

ನಿಂತಲ್ಲಿ ಏನೂ ತೊಂದರೆಯಿಲ್ಲ. ಸಪಾಟು ರಸ್ತೆಯಲ್ಲಿ ಸಂಭಾವಿತನಂತೆ ನಡೆಯುತ್ತಿತ್ತು. ಏರು ಬಂದು ಬಸು ಎಕ್ಸಲೇಟರ್ ತಿರುವಿದ ಕೂಡಲೇ, ಯಾರೋ ಮೂಗು ಹಿಡಿದಂತೆ ಗುಟುಕರಿಸಿ, ಕರೀ ಹೊಗೆ ಕಾರಿ ಕೈಚೆಲ್ಲುತ್ತಿತ್ತು. ಎಕ್ಸಲೇಟರ್ ಬಿಟ್ಟರೆ ಮತ್ತೆ ಸುಧಾರಿಸಿಕೊಳ್ಳುತ್ತಿತ್ತು. ಜವಾಬ್ದಾರಿ ವಹಿಸುವವರೆಗೆ ಚೆನ್ನಾಗಿದ್ದು, ವಹಿಸಿದ ಕೂಡಲೇ ರಜೆಯ ಅರ್ಜಿ ಹಾಕುವ ನಮ್ಮ ಕಚೇರಿಯ ಕೆಲವರ ನೆನಪಾಯಿತು. ಯಾರೆಂದು ಹೇಳುವುದಿಲ್ಲ, ಅವರಲ್ಲಿ ನಾನೂ ಒಬ್ಬ.

ಬಸು ಹುಬ್ಬಳ್ಳಿ ಮಾರುಕಟ್ಟೆಗೆ ಮಾಲು ತಂದಿದ್ದವನು ಗಾಡಿಯನ್ನು ರಾಯಾಪುರದ ಮಿಸ್ತ್ರಿಯ ಗ್ಯಾರೇಜಿಗೆ ಒಯ್ದ. ನಾನು ಅರ್ಧ ದಿನದ ರಜೆ ಹಾಕಿ ಹಿಂಬಾಲಿಸಿದೆ. ಈ ಮಿಸ್ತ್ರಿ ಸಾಮಾನ್ಯನಲ್ಲ. ಧಾರವಾಡದ ಗಾಳಿಯಲ್ಲಿ ಸಂಗೀತವಿದೆ ಎನ್ನುತ್ತಾರೆ. ಅದು ಗ್ಯಾರೇಜುಗಳನ್ನೂ ಬಿಟ್ಟಿಲ್ಲ. ಎಂಜಿನ್ನು ಚಾಲೂ ಮಾಡಿಸಿ, ಕಣ್ಣು ಮುಚ್ಚಿ, ಒಂದು ಕೈಯನ್ನು ಕಿವಿಗೆ ಹಿಡಿದು, ಇನ್ನೊಂದು ಕೈಯಲ್ಲಿ ಕಾರ್ಬ್ಯುರೇಟರಿನ ಸ್ಕ್ರೂವನ್ನು ಕೂದಲೆಳೆಯಷ್ಟು ತಿರುವುತ್ತಿದ್ದ. ತಂಬೂರಿಯ ಕಿವಿ ಹಿಂಡುವವರು ಹೀಗೇ ಮಾಡುತ್ತಾರೆ. ವ್ಯತ್ಯಾಸವಿಷ್ಟೇ, ತಂಬೂರಿ ಹೊಗೆ ಬಿಡುವುದಿಲ್ಲ.

"ಸುರ್ ಬಂತು ನೋಡ್ರಿ ಸಾಹೇಬ್ರ! ಹಿಂತಾ ಸುರ್ ಇಡೀ ಜಿಲ್ಲಾದಾಗ ಯಾವನೂ ಹಚ್ಚಂಗಿಲ್ಲ," ಎಂದ.

ಬಸು ಗಾಡಿಯನ್ನು ಹತ್ತಿರದ ಏರಿಗೆ ಒಯ್ದ. ಅರ್ಧಕ್ಕೆ ಉಬ್ಬಸ. ಇಳಿಸಿಕೊಂಡು ಬಂದ.

"ಫಿಲ್ಟರ್ ಏನರ ಕಟ್ಟೇತೇನ್ರಿ?" ಎಂದೆ ನಾನು.

"ಮೊನ್ನಿ ಪೂಜಾಕ್ಕ ತೊಳದೇನಲ್ರಿ ಮಾಮಾ, ನೀವೂ ಮುಂದ ನಿಂತಿದ್ರಿ," ಎಂದ ಬಸು. ನಿಜ. ನಾನೇ ಸಾಕ್ಷಿ. ಪೂಜೆಗೆಂದು ತೊಳೆದ ವಸ್ತುವನ್ನು ವಾರದೊಳಗೆ ಸಂಶಯಿಸುವುದು ನಮ್ಮ ಕಡೆ ಯಾರಿಗೂ ಹೊಳೆಯುವುದಿಲ್ಲ.

ಆಗ ಮಿಸ್ತ್ರಿ ಸೊಂಡಿಲನ್ನು ಬುಡದಲ್ಲಿ ಕಳಚಿ ಪಕ್ಕಕ್ಕಿಟ್ಟು ಗಾಡಿ ಓಡಿಸಿ ನೋಡಿದ. ಗಾಡಿ ಆಡಿನ ಮರಿಯ ಹಾಗೆ ಏರು ಹತ್ತಿತು. ಸೊಂಡಿಲು ಜೋಡಿಸಿದ, ಉಬ್ಬಸ. ಕಳಚಿದ, ಕುಣಿತ. ಮೂವರೂ ಮುಖ ಮುಖ ನೋಡಿಕೊಂಡೆವು. ರೋಗ ಸಿಕ್ಕಿಬಿಟ್ಟಿತ್ತು!

"ಪೈಪ್ ಉದ್ದ ಆತು," ಎಂದ ಮಿಸ್ತ್ರಿ.

ಇಲ್ಲಿ ನಾನು ಸುಮ್ಮನಿರಬೇಕಿತ್ತು. ಆದರೆ ಗ್ರಂಥಾಲಯದಲ್ಲಿ ಕುಳಿತು ಎಂಜಿನ್ನುಗಳ ಬಗ್ಗೆ ಒಂದು ದಪ್ಪ ಪುಸ್ತಕವನ್ನು ತಿರುವಿ ಹಾಕಿ ಬಂದಿದ್ದೆ. ಟೂ-ಸ್ಟ್ರೋಕ್ ಎಂಜಿನ್ನು ಒಂದೊಂದು ಸುತ್ತಿಗೂ ಉಸಿರು ಎಳೆಯುತ್ತದೆ, ಒಂದೊಂದು ಸುತ್ತಿಗೂ ಬಿಡುತ್ತದೆ, ಬಿಡುವೆಂಬುದೇ ಅದಕ್ಕಿಲ್ಲ. ಫೋರ್-ಸ್ಟ್ರೋಕ್ ಹಾಗಲ್ಲ, ನಡುನಡುವೆ ಒಂದು ಸುತ್ತು ಬಿಟ್ಟು ಸಮಾಧಾನದಿಂದ ನಡೆಯುತ್ತದೆ. ಓದಿದಾಗ ನನಗೆ ಆ ಟೂ-ಸ್ಟ್ರೋಕಿನ ಮೇಲೆ ಒಂದು ಬಗೆಯ ಒಡಹುಟ್ಟಿನ ಪ್ರೀತಿ ಹುಟ್ಟಿತ್ತು. ಶಾಂತಾ ಫೋರ್-ಸ್ಟ್ರೋಕ್ ಹೆಂಗಸು. ನಾನು ಚಿಂತೆಯನ್ನು ಒಳಗೆಳೆದುಕೊಳ್ಳುತ್ತಲೇ ಹಿಂದಿನ ಚಿಂತೆಯನ್ನು ಹೊಗೆಯಾಗಿ ಮನೆತುಂಬ ಬಿಡುವವನು. ಅದೇ ಪುಸ್ತಕದಲ್ಲಿ, ಕೊಳವೆಯೊಳಗಿನ ಗಾಳಿಗೂ ಕೊಳಲಿನೊಳಗಿನ ಗಾಳಿಯಂತೆ ತನ್ನದೇ ಒಂದು ಅಲೆಯಿರುತ್ತದೆ, ಕೊಳವೆಯ ಉದ್ದ ಸರಿಯಿದ್ದರೆ ಅಲೆ ಎಂಜಿನ್ನಿಗೆ ಗಾಳಿ ತುಂಬುತ್ತದೆ, ತಪ್ಪಿದರೆ ಕಸಿದುಕೊಳ್ಳುತ್ತದೆ ಎಂದೂ ಇತ್ತು. ಇದನ್ನು ನಾನು ಮಿಸ್ತ್ರಿಗೆ ವಿವರಿಸಿದೆ. ಅವನು ತಲೆದೂಗಿದ. ಸಂಗೀತ ಬಲ್ಲವನಲ್ಲವೇ, ಕೊಳಲಿನ ಮಾತು ಹಿಡಿಸಿತು. ಒಬ್ಬನ ಕಿವಿಗೆ ಇನ್ನೊಬ್ಬನ ಪುಸ್ತಕ ಸೇರಿ, ಸೊಂಡಿಲಿನ ಬುಡದಿಂದ ನಾಲ್ಕು ಬೆರಳು ಕತ್ತರಿಸಲಾಯಿತು.

"ಈಗ ನೋಡ್ರಿ, ಫರಕ್ ಐತಿಲ್ಲೋ?" ಎಂದ ಮಿಸ್ತ್ರಿ.

"ಐತಿ, ಐತಿ," ಎಂದೆವು. ಇರಲಿಲ್ಲ. ಆದರೆ ಕತ್ತರಿಸಿದ ಮೇಲೆ ಇಲ್ಲವೆನ್ನಲು ಯಾರಿಗೂ ಧೈರ್ಯವಿರಲಿಲ್ಲ.

ಮರುದಿನ ಮತ್ತೆ ನಾಲ್ಕು ಬೆರಳು. ಅದರ ಮರುದಿನ ಇನ್ನೊಂದು ಗೇಣು. ಪ್ರತಿ ಸಲವೂ ಮಿಸ್ತ್ರಿ ಸ್ಕ್ರೂ ತಿರುವಿ ಸುರ್ ಹಚ್ಚುವನು, ನಾನು ಸಿದ್ಧಾಂತ ತಿದ್ದುವೆನು, ಬಸು ಏರಿಗೆ ಹೋಗಿ ಮುಖ ಬಾಡಿಸಿಕೊಂಡು ಬರುವನು. ಆನೆಯ ಸೊಂಡಿಲಾಗಿದ್ದುದು ನಮ್ಮ ಕೈಯಲ್ಲಿ ಹಂದಿಯ ಮೂತಿಯಾಗುವ ಹಂತಕ್ಕೆ ಬಂತು. ಕೊಳವೆ ಕುಳ್ಳಾದಷ್ಟೂ ಹಳ್ಳದ ನೀರು ಅದರ ಬಾಯಿಗೆ ಹತ್ತಿರವಾಗುತ್ತದೆಂಬ ಹೊಸ ಚಿಂತೆಯನ್ನು ನಾನು ಪಟ್ಟಿಗೆ ಸೇರಿಸಿದೆ.

"ಸಾಕ ಬಿಡ್ರಿ ಮಾಮಾ," ಎಂದ ಬಸು ಕೊನೆಗೆ. "ಇನ್ನೊಂದ ಸಲ ಕತ್ತರಿಸಿದ್ರ ಅವ್ವಗ ಕೈ ಮುಗ್ಯಾಕ ಏನೂ ಉಳ್ಯಾಂಗಿಲ್ಲ."

ಹುಣ್ಣಿಮೆಯ ಹಿಂದಿನ ದಿನ ಶಾಂತಾ ಮತ್ತು ನಾನು ಮತ್ತೆ ಗರಗಕ್ಕೆ ಹೋದೆವು. ಮನೆಯೆಲ್ಲ ಹೂರಣದ ವಾಸನೆ. ಅತ್ತೆ ಒಲೆಯ ಮುಂದೆ ಮೊಣಕಾಲು ಚಾಚಿ ಕುಳಿತಿದ್ದರು. ನನ್ನನ್ನು ನೋಡಿದವರೇ, "ಅಳಿಯಾರ, ನಿಮ್ಮ ಬಂಗಾರ ಇನ್ನೂ ತಗೊಂಡಿಲ್ಲಲ್ರಿ ನೀವು?" ಎಂದರು.

"ತಗೋತೇನ್ರಿ ಅತ್ತಿ, ಗಾಡಿದ ಒಂದ ಮುಗೀಲಿ," ಎಂದೆ. ಅವರು ಬನ್ನಿಯ ಮಾತಾಡುತ್ತಿದ್ದಾರೆಂದು ಗೊತ್ತಿತ್ತು. ಜಗುಲಿಯ ಮೇಲೆ ತಟ್ಟೆಯಲ್ಲಿಟ್ಟಿರುತ್ತಾರೆ, ತೆಗೆದುಕೊಂಡರಾಯಿತು ಎಂದುಕೊಂಡೆ. ರಾತ್ರಿ ಊಟಕ್ಕೆ ಕುಳಿತಾಗಲೂ ಕೇಳಿದರು. ಬೆಳಿಗ್ಗೆ ಚಹ ಕೊಡುವಾಗಲೂ ಕೇಳಿದರು. "ಹುಣ್ಣಿವಿ ದಾಟಿದ್ರ ತಗೋಳೂದು ಬರೂದಿಲ್ಲ ಮತ್ತ," ಎಂದರು. ಆಗ ನಾನು ಹಗ್ಗ, ಪಂಪು, ಎರಡು ಪ್ಲಗ್ಗು, ಕ್ಲಚ್ಚಿನ ತಂತಿ, ಗಾಲಿಗೆ ಒಡ್ಡಲು ಒಂದು ದಪ್ಪ ಕಟ್ಟಿಗೆಯ ತುಂಡು, ಇವನ್ನೆಲ್ಲ ಹೋಳಿಗೆಯ ಬುಟ್ಟಿಯ ಪಕ್ಕದಲ್ಲಿ ಜೋಡಿಸುತ್ತಿದ್ದೆ.

"ಹೊಲಕ್ಕ ಹೊಂಟೇವೋ, ಗ್ಯಾರೇಜ್ ಇಡಾಕ ಹೊಂಟೇವೋ?" ಎಂದಳು ಶಾಂತಾ.

ಅತ್ತೆಯನ್ನು ಗಾದಿಯ ಮೇಲೆ ಕೂರಿಸಿದೆವು. ಹೊಸ ಇಲಕಲ್ ಸೀರೆ, ಮಡಿಲಲ್ಲಿ ಚರಗದ ಬುಟ್ಟಿ. ಹತ್ತುವ ಮುಂಚೆ ಸೊಂಡಿಲು ಮುಟ್ಟಿ ಕೈ ಮುಗಿಯಲು ಹೋದವರು, ಮೊದಲಿದ್ದ ಎತ್ತರದಲ್ಲಿ ಕೈಗೆ ಗಾಳಿಯೇ ಸಿಕ್ಕಿ, ತಡವರಿಸಿ ಕೆಳಗೆ ಹುಡುಕಿ ಮುಟ್ಟಿದರು. "ಯಾಕಪಾ, ಗಣಪ್ಪ ಸೊರಗ್ಯಾನಲ್ಲ," ಎಂದರಷ್ಟೇ.

ಹಳ್ಳದಲ್ಲಿ ನೀರು ಮೀನಖಂಡದ ಮಟ್ಟಕ್ಕಿತ್ತು. ಬಸು ಒಂದೇ ಗೇರಿನಲ್ಲಿ, ಒಂದೇ ಸಮನೆ ದಾಟಿಸಿದ. ನಾನು ಕಣ್ಣು ಮುಚ್ಚಿದ್ದರಿಂದ ಹೆಚ್ಚಿನ ವಿವರ ಗೊತ್ತಿಲ್ಲ. ಕಣ್ಣು ತೆರೆದಾಗ ಆಚೆ ದಡದ ಏರಿನ ಬುಡದಲ್ಲಿದ್ದೆವು. ಏರಿನ ಮೇಲೆಯೇ ಹೊಲದ ಬದು, ಬದುವಿನ ಮೇಲೆ ಬೇವಿನ ತಲೆ ಕಾಣುತ್ತಿತ್ತು. ಅತ್ತೆ ಕತ್ತು ಚಾಚಿ ನೋಡಿದರು. ಬಸು ಎಕ್ಸಲೇಟರ್ ತಿರುವಿದ. ಗಾಡಿ ನಾಲ್ಕು ಮಾರು ಹತ್ತಿತು, ಗುಟುಕರಿಸಿತು, ಕರೀ ಹೊಗೆ ಕಾರಿತು, ನಿಂತುಬಿಟ್ಟಿತು.

ನಾನು ಹಾರಿ ಇಳಿದು ಗಾಲಿಗೆ ಕಟ್ಟಿಗೆ ಒಡ್ಡಿದೆ. ಆ ತುಂಡನ್ನು ತಂದದ್ದಕ್ಕೆ ನನಗೆ ಇಂದಿಗೂ ಹೆಮ್ಮೆಯಿದೆ. ಬಸು ಎರಡು ಮೂರು ಸಲ ಚಾಲೂ ಮಾಡಿದ, ಅಷ್ಟೇ ಸಲ ಅದು ಸತ್ತಿತು. ಅತ್ತೆ ಬೇವಿನ ಮೇಲಿಂದ ಕಣ್ಣು ತೆಗೆದು ಬುಟ್ಟಿಯ ಮೇಲಿನ ಅರಿವೆಯನ್ನು ಸರಿಮಾಡಿದರು. ಹೊಸ್ತಿಲಲ್ಲಿ ನಿಂತು ನಮ್ಮನ್ನು ಕಳಿಸುವಾಗಲೂ ಅವರು ಹಾಗೆಯೇ ಅರಿವೆ ಸರಿಮಾಡುತ್ತಿದ್ದರು.

"ನೀವು ಹೋಗಿ ಚೆಲ್ಲಿ ಬರ್ರಿ," ಎಂದರು. "ನಾ ಇಲ್ಲೇ ಕುಂದರ್ತೇನಿ."

ಬಸುವಿಗೆ ಅದನ್ನು ಕೇಳಲಾಗಲಿಲ್ಲವೆಂದು ಕಾಣುತ್ತದೆ. "ಹಳ್ಳ ದಾಟೇತಿ, ಇನ್ನ ಈ ಹಾಳ ಸೊಂಡಿಲು ಯಾಕ ಬೇಕು!" ಎಂದು ಸಿಟ್ಟಿನಿಂದ ಪಟ್ಟಿ ಕಳಚಿ ಕೊಳವೆಯನ್ನು ಕಿತ್ತ. ಇಷ್ಟು ಸಣ್ಣ ಉಪಾಯ ನನಗೆ ಹೊಳೆದಿರಲಿಲ್ಲ. ಹೊಳೆದಿದ್ದರೂ ಎಂಜಿನ್ನಿಗೆ ಧೂಳು ಹೋದೀತೆಂಬ ಚಿಂತೆ ಬಿಡುತ್ತಿರಲಿಲ್ಲ. ಅವನು ಕೊಳವೆಯನ್ನು ತಲೆಯ ಮೇಲೆ ಎತ್ತಿ ಹಳ್ಳದ ಕಡೆಗೆ ಬೀಸಲು ಹೊರಟ.

"ಒಗೀಬ್ಯಾಡೋ!" ಎಂದು ಚೀರಿದರು ಅತ್ತೆ. ಅವರ ದನಿ ಅಷ್ಟು ದೊಡ್ಡದೆಂದು ನನಗೆ ಗೊತ್ತಿರಲಿಲ್ಲ. "ಅದರಾಗ ನಿಮ್ಮ ಮಾಮಾನ ಬಂಗಾರ ಐತಿ!"

ಬಸು ಎತ್ತಿದ ಕೈಯಲ್ಲೇ ನಿಂತ. ಆಮೇಲೆ ಕೊಳವೆಯನ್ನು ನಿಧಾನವಾಗಿ ಇಳಿಸಿ, ಬಾಗಿದ ತುದಿಯೊಳಗೆ ಎರಡು ಬೆರಳು ಹಾಕಿ ತಡಕಿದ. ತಿರುವಿನಲ್ಲಿ ಸಿಕ್ಕಿಕೊಂಡಿದ್ದ ಒಂದು ಬನ್ನಿಯ ಗೊಂಚಲು ಹೊರಬಂತು. ಸಣ್ಣದಲ್ಲ. ಅಳಿಯನ ಪಾಲಲ್ಲವೇ, ಮುಷ್ಟಿ ತುಂಬುವಷ್ಟು ಎಲೆ, ನಡುವೆ ಒಂದು ಜೋಳದ ತೆನೆ, ಉದುರದಿರಲೆಂದು ಅತ್ತೆ ತಾವೇ ನೂತ ಖಾದಿಯ ನೂಲಿನಿಂದ ಬಿಗಿದು ಕಟ್ಟಿದ್ದರು. ರಾಷ್ಟ್ರಧ್ವಜದ ಬಟ್ಟೆಗೆ ಹೆಸರಾದ ಗರಗದ ನೂಲು ಸುಲಭಕ್ಕೆ ಹರಿಯುವುದಿಲ್ಲ. ನಿಧಾನಕ್ಕೆ ಉಸಿರಾಡುವಾಗ ಎಲೆಗಳ ಸಂದಿನಿಂದ ಗಾಳಿ ಹೋಗುತ್ತಿತ್ತು. ಏರಿನಲ್ಲಿ ಜೋರಾಗಿ ಸೇದಿದ ಕೂಡಲೇ ಎಲೆಗಳೆಲ್ಲ ಕೂಡಿಕೊಂಡು ಬಾಗಿಲು ಹಾಕುತ್ತಿದ್ದವು.

"ಯವ್ವಾ! ಇದನ್ನ ಇದರಾಗ ಯಾಕ ಇಟ್ಟೀ?" ಎಂದ ಬಸು.

"ನಾ ಯಾಕ ಇಡ್ಲಿ? ಕೊಡಾಕ ಹೋದ್ರ ಅಳಿಯಾರು ಗಾಡಿ ಅಡ್ಯಾಗ ಮಲಗಿದ್ರು. 'ಕೈ ಹೊಲಸ ಆಗ್ಯಾವ್ರಿ ಅತ್ತಿ, ಅಲ್ಲೇ ಇಡ್ರಿ, ಆಮ್ಯಾಲ ತಗೋತೇನಿ' ಅಂದ್ರು. ಬಂಗಾರ ನೆಲದ ಮ್ಯಾಲ ಇಡಾಕ ಬರ್ತೈತೇನು? ಗಣಪ್ಪನ ಸೊಂಡಿಲಾಗ ಇಟ್ಟೆ. ತಗೊಳ್ರಿ, ತಗೊಳ್ರಿ ಅಂತ ಅವತ್ತಿಂದ ಹೇಳಾಕತ್ತೇನಿ. ಕೇಳಬೇಕಲ್ಲ!"

ಶಾಂತಾ ನನ್ನನ್ನು ನೋಡಿದಳು. ಮದುವೆಯಾದಂದಿನಿಂದ ಅವಳು ನನ್ನನ್ನು ಹೀಗೆ ನೋಡಿದ ಸಂದರ್ಭಗಳು ಬೇಕಾದಷ್ಟಿವೆ. ಇಷ್ಟು ಅರ್ಹವಾದದ್ದು ಕಡಿಮೆ. ಆಮೇಲೆ ಅವಳಿಗೆ ನಗು ಬಂತು. ಬಸುವಿಗೂ ಬಂತು. ಅವನು ಉಳಿದಿದ್ದ ತುಂಡು ಸೊಂಡಿಲನ್ನೂ ನನ್ನನ್ನೂ ಮತ್ತೆ ಮತ್ತೆ ನೋಡುತ್ತ, "ಕೊಳಲಂತ, ಅಲೆಯಂತ! ಮಿಸ್ತ್ರಿಗೆ ಏನಂತ ಹೇಳ್ಲಿ ಮಾಮಾ?" ಎಂದ.

ಅತ್ತೆ ಗೊಂಚಲನ್ನು ಕೈಗೆ ತೆಗೆದುಕೊಂಡು, ಹೊಸ ಸೀರೆಯೆಂದೂ ನೋಡದೆ ಸೆರಗಿನಿಂದ ಒರೆಸಿದರು. ಎಲೆಗಳು ಒಣಗಿ ಕಪ್ಪಾಗಿದ್ದವು, ಪೆಟ್ರೋಲು ನಾರುತ್ತಿದ್ದವು. ಗಾದಿಯ ಮೇಲಿಂದಲೇ ಬಾಗಿ ನನ್ನ ಕಡೆ ಚಾಚಿದರು. "ತಗೊಳ್ರಿ. ಹುಣ್ಣಿವಿ ಇನ್ನೂ ಮುಗದಿಲ್ಲ. ಬಂಗಾರದ್ಹಂಗ ಇರೂಣು."

ಆ ಏರಿನ ನಡುವೆ, ಗಾಲಿಯ ಕಟ್ಟಿಗೆಯನ್ನು ಒಂದು ಕಾಲಿನಿಂದ ಒತ್ತಿ ಹಿಡಿದುಕೊಂಡೇ, ನಾನು ಎರಡೂ ಕೈ ಚಾಚಿ ತೆಗೆದುಕೊಂಡೆ. ಕಾಲು ಮುಟ್ಟಿದೆ. ನೋವಿದ್ದ ಮೊಣಕಾಲಿಗೆ ತಗಲದಂತೆ ಎಚ್ಚರವಹಿಸಿದೆ, ಅಷ್ಟು ಚಿಂತೆ ಆಗಲೂ ಇತ್ತು.

ಬಸು ಸೊಂಡಿಲು ಮತ್ತೆ ಜೋಡಿಸಿದ. ಗಾಡಿ ಒಂದೇ ಉಸಿರಿಗೆ ಏರು ಹತ್ತಿ ಬದುವಿನ ಮೇಲೆ ನಿಂತಿತು. ಅತ್ತೆ ನನ್ನ ಹೆಗಲು ಹಿಡಿದು ಇಳಿದರು. ಬೇವನ್ನು ನೋಡಿದರು, ಜೋಳವನ್ನು ನೋಡಿದರು, ಒಂದು ಗರಿಯನ್ನು ಎಳೆದು ಕೆನ್ನೆಗೆ ಒತ್ತಿಕೊಂಡರು. "ನೀವೆಲ್ಲಾ ಹೇಳಿದ್ದು ಸುಳ್ಳ," ಎಂದರು. "ಜೋಳ ಬಾಳ ಛಲೋ ಬಂದೈತಿ." ನಾವು ಹೋದ ವರ್ಷಗಳ ಜೋಳದ ಬಗ್ಗೆ ಹೇಳಿದ್ದೆವು. ಆದರೆ ಯಾರೂ ತಿದ್ದಲಿಲ್ಲ. ಚರಗದ ಮೊದಲ ತುತ್ತನ್ನು ಅವರೇ ಚೆಲ್ಲಿದರು. ಚೆಲ್ಲುವಾಗ ಹಾಕುವ ರೂಢಿಯ ಕೂಗನ್ನೂ ಅವರೇ ಹಾಕಿದರು, ಸೊಂಡಿಲನ್ನು ಉಳಿಸಿದ ಅದೇ ದೊಡ್ಡ ದನಿಯಲ್ಲಿ.

ಈಗ ಆ ಗಾಡಿಯಿಲ್ಲ. ಟೂ-ಸ್ಟ್ರೋಕುಗಳೇ ರಸ್ತೆಯಿಂದ ಕರಗಿ ಹೋಗುತ್ತಿವೆ, ಬಸು ಕೂಡ ಸದ್ದಿಲ್ಲದ ಹೊಸ ಗಾಡಿ ಕೊಂಡಿದ್ದಾನೆ. ಅದರ ಗಾಳಿಯ ಬಾಯಿ ಎಲ್ಲಿದೆಯೆಂದು ನಾನು ಯಾರನ್ನೂ ಕೇಳಿಲ್ಲ. ಆದರೆ ದಸರೆ ಹತ್ತಿರ ಬಂದಾಗ ಆ ವಾರದ ಪಟ್ಟಿಯನ್ನು ಒಮ್ಮೆ ಮನಸ್ಸಿನಲ್ಲೇ ತೆಗೆದು ನೋಡುತ್ತೇನೆ. ಪೆಟ್ರೋಲಿನಲ್ಲಿ ನೀರು ಸೇರಿರಲಿಲ್ಲ. ಪಿಸ್ಟನ್ನು ಹಿಡಿಯಲಿಲ್ಲ. ತಂತಿ ಹರಿಯಲಿಲ್ಲ, ಗಾಲಿ ಹೂತುಹೋಗಲಿಲ್ಲ, ಹಳ್ಳ ತುಂಬಿ ಬರಲಿಲ್ಲ, ಸಾರಿನ ಕೊಡ ಉರುಳಲಿಲ್ಲ. ಕಾರ್ಬ್ಯುರೇಟರಿನ ಸ್ಕ್ರೂ ಮೊದಲಿನಿಂದಲೂ ಸರಿಯಾಗಿಯೇ ಇತ್ತು. ಸೊಂಡಿಲಿನ ಉದ್ದವೂ ಸರಿಯಾಗಿಯೇ ಇತ್ತು. ತಪ್ಪಿದ್ದು ಒಂದೇ ಒಂದು: ಆ ಸಂಜೆ, ಅವರು ಬಂಗಾರ ಹಿಡಿದು ನಿಂತಿದ್ದಾಗ, ನಾನು ಹೊರಬಂದು ಕೈ ಒರೆಸಿಕೊಳ್ಳಲಿಲ್ಲ.